ಬರಿತಲೆಯ ಪಂಚ

ಸಾಂಗಲಿ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ನಮ್ಮ ಬಳಗದ ವಕೀಲ ಕಾಕಾ ಒಂದು ದಿನ ನನಗೆ ಬುದ್ಧಿ ಹೇಳಲು ಕೂತರು. ಪಕ್ಕದ ಮನೆಯವರ ಹೊಲದ ಗಡಿ ಬಾಂದಿನ ತಕರಾರಿನಲ್ಲಿ ಸಾಕ್ಷಿ ಹೇಳಲು ಹೋಗಿದ್ದೆ. ಬೆಳಿಗ್ಗೆಯಿಂದ ಬಾಕಿನ ಮೇಲೆ ಕೂತು ಸೊಂಟ ಹಿಡಿದಿತ್ತು, ತಲೆ ಕಾದಿತ್ತು, ಸರದಿ ಬಂದಿರಲಿಲ್ಲ.

"ಈ ಜಡ್ಜ್ ಸಾಹೇಬ್ರನ್ನ ನಾವ ಓಟ್ ಹಾಕಿ ಆರಿಸೂ ಹಂಗಿದ್ರ ನಮ್ಮನ್ನ ಹೀಂಗ ಕಾಯಸ್ತಿದ್ರೇನ್ರಿ ಕಾಕಾ?" ಎಂದೆ.

"ಹಂಗೂ ಮಾಡ್ತಾರವಾ" ಎಂದರು ಕಾಕಾ. "ಪರದೇಶದಾಗ ಕೆಲವು ಕಡೆ ಜನಾನ ಓಟ್ ಹಾಕಿ ಜಡ್ಜನ್ನ ಆರಸ್ತಾರ. ಇನ್ನ ಕೆಲವು ಕಡೆ ಒಮ್ಮೆ ಕುಂದ್ರಿಸಿದ್ರ ಮುಗೀತು, ಸಾಯೂತನಕ ಎಬ್ಬಸಾಂಗಿಲ್ಲ. ಯಾವುದು ಚಲೋ ಅಂತೀ?"

ನಾನು ನಕ್ಕ ನಗೆಗೆ ಬಸಿಯ ಚಹಾ ಸೀರೆಯ ಮೇಲೆ ಚೆಲ್ಲಿತು. ಕಾಕಾನ ಮುಖ ಸಣ್ಣದಾಯಿತು. "ಸಿಟ್ಟಾಗಬ್ಯಾಡ್ರಿ. ನೀವು ಪುಸ್ತಕದಾಗ ಓದೀರಿ. ನಮ್ಮೂರಾಗ ಎರಡೂ ಮಾಡಿ ನೋಡೇವಿ. ಎರಡರಾಗೂ ಎಲುವು ಮುರದಾವ" ಎಂದೆ. ಅವರು ಕುತ್ತಿಗೆ ಮುಂದೆ ಚಾಚಿ ಕಥೆ ಕೇಳಲು ತಯಾರಾದರು. ಅಷ್ಟರಲ್ಲಿ ಒಳಗಿನಿಂದ ನಮ್ಮ ಹೆಸರು ಕೂಗಿದರು, ಎದ್ದು ಹೋದೆ. ಅವತ್ತು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಮ್ಮೂರು ಮ್ಹೈಸಾಳದಿಂದ ಇನ್ನೂ ಆಚೆ, ಮರಾಠಿ ರಾಜ್ಯದೊಳಗೇ ಕನ್ನಡದ ಗಡಿಗೆ ಅಂಟಿಕೊಂಡಿದೆ. ಕುರಿ ಸಾಕುವ ಕನ್ನಡದ ಮನೆಗಳು. ನದಿಯ ನೀರನ್ನು ಮೇಲಕ್ಕೆತ್ತಿ ಹೊಲಕ್ಕೆ ಬಿಟ್ಟ ಮೇಲೆ ಅರ್ಧ ಊರು ಕುರಿ ಬಿಟ್ಟು ಕಬ್ಬು ಹಿಡಿಯಿತು. ಕುಸ್ತಿಯನ್ನು ಮಾತ್ರ ಯಾರೂ ಬಿಡಲಿಲ್ಲ. ಮೇಲಿನ ಓಣಿಗೊಂದು ತಾಲೀಮು, ಅಂದರೆ ಗರಡಿಮನೆ, ಕೆಳಗಿನ ಓಣಿಗೊಂದು ತಾಲೀಮು, ನಡುವೆ ಎರಡೂ ಓಣಿಗಳಿಗೆ ಸೇರಿದ ಕೆಂಪು ಮಣ್ಣಿನ ಅಖಾಡ. ನಾವು ಮೇಲಿನ ಓಣಿಯವರು. ನಾನು ಊರಿನ ಕನ್ನಡ ಶಾಲೆಯ ಟೀಚರು. ಗಂಡ ತೀರಿಕೊಂಡ ಮೇಲೆ ತವರಿನಲ್ಲೇ ಅಪ್ಪ ಮತ್ತು ತಮ್ಮನ ಜೊತೆ ಇದ್ದೇನೆ. ತಮ್ಮ ಪೈಲವಾನ. ಅಪ್ಪ ಊರಿನ ಪಂಚ.

ಪಂಚ ಎಂದರೆ ಅಖಾಡದಲ್ಲಿ ನಿಂತು ಕುಸ್ತಿಯ ನ್ಯಾಯ ಹೇಳುವವನು. ಅಷ್ಟೇ ಆಗಿದ್ದರೆ ಇಷ್ಟು ರಗಳೆ ಇರುತ್ತಿರಲಿಲ್ಲ. ಅಖಾಡದಲ್ಲಿ ಅವನ ಮಾತು ನಡೆದರೆ ಅಖಾಡದ ಹೊರಗೂ ನಡೆಯುತ್ತಿತ್ತು. ಕುರಿ ಯಾರ ಬೆಳೆ ಮೇಯ್ದವು, ಬಾಂದು ಯಾರು ಒತ್ತಿದರು, ಗಂಡ ಹೆಂಡತಿಯನ್ನು ಯಾಕೆ ಹೊಡೆದ, ಎಲ್ಲದಕ್ಕೂ ಪಂಚನ ಕಟ್ಟೆಯೇ ಕೋರ್ಟು. ಹಳೆಯ ಪಂಚ ಸತ್ತಾಗ ಹಿರಿಯರು ಕೂಡಿ, ಮತ್ತೊಬ್ಬನ ಹಣೆಗೆ ಭಂಡಾರದ ಅರಿಷಿಣ ಹಚ್ಚಿ, ಕೆಂಪು ರುಮಾಲು ಸುತ್ತುತ್ತಿದ್ದರು. ಆಮೇಲೆ ಅವನನ್ನು ತೆಗೆಯುವ ದಾರಿಯೇ ಇಲ್ಲ. ಆ ರುಮಾಲು ಚಟ್ಟದ ಮೇಲೆಯೇ ಇಳಿಯಬೇಕು.

ಆದರೆ ಕುಸ್ತಿಯ ದಿನ ಮಾತ್ರ ಪಂಚ ತಾನೇ ಅದನ್ನು ಬಿಚ್ಚುತ್ತಿದ್ದ. ಮಣ್ಣಿಗೆ ಇಳಿಯುವ ಮೊದಲು ರುಮಾಲು ಮಡಿಸಿ ಅಖಾಡದ ಅಂಚಿನಲ್ಲಿಟ್ಟು, ಬರಿತಲೆಯಲ್ಲಿ ನಿಲ್ಲಬೇಕು. ನಮ್ಮ ಕಡೆ ಹಿರಿಯ ಗಂಡಸು ನಾಲ್ಕು ಜನರೆದುರು ಬರಿತಲೆಯಲ್ಲಿ ನಿಂತನೆಂದರೆ ಮನೆಯಲ್ಲಿ ಹೆಣ ಇದೆ ಎಂದೇ ಲೆಕ್ಕ. ಸಂಜೆಯ ತನಕ ಪಂಚನ ಪಾಲಿಗೆ ಮಗ, ಅಳಿಯ, ಓಣಿ, ಬೀಗರು ಎಲ್ಲ ಸತ್ತಂತೆ. ಅಪ್ಪ ಅದನ್ನು ಆಟಕ್ಕೆ ಮಾಡಿದವನಲ್ಲ. ಒಮ್ಮೆ ಕುಸ್ತಿಯಲ್ಲಿ ನನ್ನ ತಮ್ಮ ಎದುರಾಳಿಯ ಕಣ್ಣಿಗೆ ಬೆರಳು ಹಾಕಿದ. ಅಪ್ಪ ಕೂದಲು ಹಿಡಿದು ಎಬ್ಬಿಸಿ, ಇಡೀ ಊರಿನೆದುರು ಅವನ ಕೆನ್ನೆಗೆ ಬಾರಿಸಿದ. ತುಟಿ ಒಡೆದು ರಕ್ತ ಬಂತು. ರಾತ್ರಿ ಊಟಕ್ಕೆ ಕೂತಾಗ, ಹುಡುಗನ ತುಟಿಗೆ ಏನಾಗಿದೆ ಎಂದು ಅಪ್ಪನೇ ನನ್ನನ್ನು ಕೇಳಿದ! ಅವನಿಗೆ ಅಖಾಡದ ನೆನಪು ಅಖಾಡದಲ್ಲೇ.

ಅಂಥವನಿಗೆ ಕಣ್ಣಿಗೆ ಪೊರೆ ಬಂತು. ಮಿರಜೆಯ ದವಾಖಾನೆಗಳಿಗೆ ವಿಜಯಪುರ, ಬಾಗಲಕೋಟೆ ಕಡೆಯಿಂದ ಜನ ರೈಲು ಹಿಡಿದು ಬರುತ್ತಾರೆ, ನಮಗೆ ಅದು ಹತ್ತಿರವೇ ಇದೆ. ಅಪ್ಪ ಹೋಗಲೊಲ್ಲ. ನಾನು ಬೈದೆ, ಅತ್ತೆ, ತಟ್ಟೆ ಬಡಿದೆ.

"ನಾ ಪಂಚ ಅದೇನಿ. ನನಗ ಕಣ್ಣಿಲ್ಲಂತ ಊರಿಗೆ ಡಂಗುರಾ ಸಾರ್ಲೇನು?" ಎಂದ.

ಹಟಮಾರಿ ಮುದುಕ! ಆ ವರ್ಷ ಕುಸ್ತಿಗೆ ಕಸಬೆ ಡಿಗ್ರಜದಿಂದ ಪೈಲವಾನರು ಬಂದಿದ್ದರು. ಅವರಲ್ಲೊಬ್ಬ ಎಳೆಯ ಹುಡುಗ, ಕೆಳಗಿನ ಓಣಿಯ ಪೈಲವಾನನ ಕೈಗೆ ಸಿಕ್ಕ. ಈ ಪೈಲವಾನ ಎಂದರೆ ಕಬ್ಬಿನ ಗಾಡಿಯ ಅಚ್ಚಿನಂಥ ತೋಳಿನವನು, ಸೋಲುವುದು ಗೊತ್ತಿಲ್ಲದವನು. ಹುಡುಗನನ್ನು ಬೋರಲು ಕೆಡವಿ ಅವನ ಮೊಣಕೈಯನ್ನು ಹಿಂದಕ್ಕೆ ತಿರುವಿದ. ಹುಡುಗ ಇನ್ನೊಂದು ಕೈಯಿಂದ ಮಣ್ಣು ಬಡಿದ. ಸಾಕು, ಸೋತೆ ಎಂದು ಅದರ ಅರ್ಥ. ಮಣ್ಣು ಬಡಿದ ಗಳಿಗೆಯಲ್ಲಿ ಪಂಚ ಬಿಡಿಸಲೇಬೇಕು. ಅಪ್ಪ ಬಿಡಿಸಲಿಲ್ಲ. ಡಿಗ್ರಜದವರು "ಅರೇ ಸೋಡ, ಸೋಡ!" ಎಂದು ಮರಾಠಿಯಲ್ಲಿ ಚೀರಿದರು, ನಮ್ಮವರು "ಬಿಡಸ್ರಿ, ಬಿಡಸ್ರಿ" ಎಂದು ಚೀರಿದರು. ಅಪ್ಪ ಎರಡು ಹೆಜ್ಜೆ ದೂರದಲ್ಲಿ ನಿಂತು, "ನನಗ ಕಲಸಾವ ಯಾಂವಲೇ? ಕುಸ್ತಿ ಇನ್ನೂ ನಡದೈತಿ!" ಎಂದು ಗುಡುಗಿದ.

ಮೊಣಕೈ ಮುರಿದ ಸಪ್ಪಳ ಹೆಂಗಸರು ಕೂತ ದಿಬ್ಬದ ತನಕ ಕೇಳಿತು. ಹಸಿ ಕಬ್ಬು ಮುರಿದಂತೆ. ಹುಡುಗನ ಕೈ ಇರಬಾರದ ಕಡೆಗೆ ಬಾಗಿತ್ತು. ಆಮೇಲೆ ಕಲ್ಲು ಬಂದವು. ಡಿಗ್ರಜದವರು ಅಖಾಡದ ಸುತ್ತಲಿನ ಕಟಾಂಜನದ ಬೇಲಿ ಮುರಿದು ಒಳಗೆ ನುಗ್ಗಿದರು. ಹಲಗೆ ಬಾರಿಸುತ್ತಿದ್ದವನ ಹಲಗೆ ಒಡೆಯಿತು, ಅವನ ಹಲ್ಲೂ ಹೋದವು. ಅಪ್ಪನ ಹೆಗಲಿಗೆ ಬಡಿಗೆಯ ಏಟು ಬಿತ್ತು. ಬಿದ್ದವನು ಮಣ್ಣಿನಲ್ಲಿ ಕೈಯಾಡಿಸಿ ರುಮಾಲು ಹುಡುಕುತ್ತಿದ್ದ. ರುಮಾಲು ಅವನ ಮೂಗಿನ ಕೆಳಗೇ ಇತ್ತು. ಊರಿಗೆಲ್ಲ ಅವತ್ತು ಗೊತ್ತಾಯಿತು.

ಗೊತ್ತಾಗಿ ಏನು ಮಾಡುವುದು? ಪಂಚ ಎಂದರೆ ಸಾಯುವ ತನಕ ಪಂಚ. ಚಾವಡಿಯಲ್ಲಿ ಒಬ್ಬ ನನ್ನೆದುರಿಗೇ, "ಹಂಗಾರ ಮುದುಕ ಸಾಯ್ಲಿ ಅಂತ ದಾರಿ ಕಾಯೂದೇನು?" ಎಂದ. ಅವನ ಅಂಗಿ ಹಿಡಿದು ಜಗ್ಗಿದೆ, ಗುಂಡಿ ಹಾರಿದವು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಕೊನೆಗೆ, ಇನ್ನು ಮುಂದೆ ವರ್ಷ ವರ್ಷ ಕೈ ಎತ್ತಿ ಪಂಚನನ್ನು ಆರಿಸಬೇಕು, ಹೆಂಗಸರಿಗೂ ಕೈ ಎತ್ತುವ ಹಕ್ಕು ಇರಬೇಕು ಎಂಬ ಮಾತು ಬಂತು. ನಾನು ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ನಾಚಿಕೆಯಿಂದಲ್ಲ, ತಿಳಿದೇ ಎತ್ತಿದೆ. ಆ ಹುಡುಗನ ಕೈಯನ್ನು ನಾನು ನೋಡಿದ್ದೆ.

ಮನೆಗೆ ಬಂದಾಗ ಅಪ್ಪ ಕಂಬಳಿಯ ಮೇಲೆ ಕೂತಿದ್ದ. "ನೀ ಯಾ ಕಡೆ ಕೈ ಎತ್ತಿದಿ?" ಎಂದ.

"ಆರಸೂದಕ್ಕ."

ಪಕ್ಕದಲ್ಲಿದ್ದ ತಂಬಿಗೆ ನನ್ನ ಕಿವಿಯ ಹತ್ತಿರದಿಂದ ಹಾರಿ ಗೋಡೆಗೆ ಬಡಿಯಿತು. ಕಣ್ಣಿಲ್ಲದಿದ್ದರೂ ಗುರಿ ಚೆನ್ನಾಗಿತ್ತು. ಆಮೇಲೆ ರುಮಾಲು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ.

ಆರಿಸಿ ಬಂದವನು ಕೆಳಗಿನ ಓಣಿಯ ಟೆಂಪೋದವನು. ತನ್ನ ಕಾಲದಲ್ಲಿ ಒಳ್ಳೆಯ ಪೈಲವಾನ, ನನ್ನ ತಮ್ಮನ ಗೆಳೆಯ, ನಗುಮುಖದವನು. ಬಾಣಂತಿಯನ್ನು ನಡುರಾತ್ರಿ ಮಿರಜೆಗೆ ಒಯ್ಯಬೇಕೆಂದರೂ ಇಲ್ಲ ಅನ್ನುತ್ತಿರಲಿಲ್ಲ. ಕಣ್ಣು ಹದ್ದಿನ ಕಣ್ಣು. ಮೇಲಿನ ಓಣಿಯವರೂ ಅವನಿಗೆ ಕೈ ಎತ್ತಿದರು, ನಾನೂ ಎತ್ತಿದೆ. ಕೆಳಗಿನ ಓಣಿಯವರಿಗೆ ಹಿಗ್ಗೋ ಹಿಗ್ಗು. ಗುಲಾಲು ಎರಚಿ, ಅವನ ತಲೆಗೆ ಗುಲಾಬಿ ಬಣ್ಣದ ಫೇಟಾ ಕಟ್ಟಿ, ಟೆಂಪೋದ ಮೇಲೆ ನಿಲ್ಲಿಸಿ ಊರೆಲ್ಲ ಮೆರೆಸಿದರು.

ಮುಂದಿನ ಕುಸ್ತಿಯ ದಿನ ಅವನು ಅದೇ ಫೇಟಾ ಕಟ್ಟಿಕೊಂಡು ಅಖಾಡಕ್ಕೆ ಇಳಿದ. ಅಂಚಿನಲ್ಲಿ ಒಂದು ಗಳಿಗೆ ನಿಂತು ತಲೆಗೆ ಕೈ ಹಾಕಿದ. ಅವನ ಓಣಿಯ ಹಿರಿಯನೊಬ್ಬ, "ಏ, ಅದು ನಾವು ಕಟ್ಟಿದ್ದು! ಬಿಚ್ಚಿದ್ರ ನಮ್ಮ ಮಾರಿಗೆ ಉಗುಳಿದಾಂಗ" ಎಂದ. ಅವನು ಕೈ ಇಳಿಸಿದ. ದಿಬ್ಬದ ಮೇಲಿದ್ದ ಹೆಂಗಸರೆಲ್ಲ ಇದನ್ನು ನೋಡಿದೆವು. ನನ್ನ ಪಕ್ಕದ ಮಾವಶಿ, "ಫೇಟಾ ಚಲೋ ಕಾಣ್ತೈತಿ ಬಿಡ" ಎಂದಳು. ನನಗೂ ಚೆಂದವೇ ಕಂಡಿತು, ಸುಳ್ಳು ಯಾಕೆ ಹೇಳಲಿ.

ಅವತ್ತಿನ ದೊಡ್ಡ ಜೋಡಿ ನನ್ನ ತಮ್ಮ ಮತ್ತು ಅದೇ ಕೆಳಗಿನ ಓಣಿಯ ಪೈಲವಾನ. ಬಹಳ ಹೊತ್ತು ಇಬ್ಬರೂ ಬೀಳಲಿಲ್ಲ. ಬೆವರಿಗೆ ಮಣ್ಣು ಮೆತ್ತಿ ಯಾರು ಯಾರೆಂದು ಗುರುತು ಸಿಗದಂತಾಗಿತ್ತು. ಆಮೇಲೆ ತಮ್ಮನ ಮಂಡಿ ಜಾರಿತು. ಆ ರಾಕ್ಷಸ ಮೇಲೆ ಬಿದ್ದು, ಗದ್ದದ ಕೆಳಗೆ ತೋಳು ತೂರಿಸಿ, ಕತ್ತನ್ನು ತಿರುವತೊಡಗಿದ. ಬೆನ್ನು ಮಣ್ಣಿಗೆ ತಾಗಿಸಲು ಕತ್ತು ತಿರುವಬೇಕಿಲ್ಲ. ಅದು ಕುಸ್ತಿಯಲ್ಲ, ಕೊಲೆ. ತಾಲೀಮಿನಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ಅದು: ಕತ್ತಿಗೆ ಕೈ ಹಾಕಬಾರದು.

ತಮ್ಮ ಮಣ್ಣು ಬಡಿದ. ನಾನು ಎದ್ದು ನಿಂತೆ. ಮತ್ತೆ ಬಡಿದ. ಪಂಚ ನೋಡುತ್ತಿದ್ದ. ಕಣ್ಣಿಗೆ ಏನಾಗಿತ್ತು ಅವನಿಗೆ? ಏನೂ ಆಗಿರಲಿಲ್ಲ! ಪೂರ್ತಿ ಕಂಡಿತ್ತು. ಕೆಳಗಿನ ಓಣಿಯೆಲ್ಲ ಒಂದೇ ಬಾಯಿ ಮಾಡಿ "ಹಾಕಲೇ, ಹಾಕ!" ಎಂದು ಕುದಿಯುತ್ತಿತ್ತು. ಅವನು ಮುಂದೆ ಒಂದು ಹೆಜ್ಜೆ ಇಟ್ಟ, ಆಮೇಲೆ ಹೊರಳಿ ಆ ಬಾಯಿಗಳ ಕಡೆ ನೋಡಿದ. ಅಷ್ಟೇ. ಒಂದು ಸಲ ನೋಡಿದ. ನೋಡಿ ಮತ್ತೆ ಇತ್ತ ತಿರುಗುವಷ್ಟರಲ್ಲಿ ತಮ್ಮನ ಕೈ ಬಡಿಯುವುದು ನಿಂತಿತ್ತು. ಮುಖ ಮಣ್ಣಿನಲ್ಲಿ, ಕಾಲುಗಳು ಎರಡು ಹಸಿ ಬಟ್ಟೆಯಂತೆ ಬಿದ್ದಿದ್ದವು.

ಅಖಾಡದ ಮಣ್ಣಿಗೆ ಹೆಂಗಸು ಕಾಲಿಡಬಾರದು ಎನ್ನುತ್ತಾರೆ. ನಾನು ಹೇಗೆ ಇಳಿದೆನೋ ನನಗೇ ಗೊತ್ತಿಲ್ಲ. ಪಂಚನ ಫೇಟಾ ಹಿಡಿದು ಜಗ್ಗಿದೆ. ಅದು ಬಿಚ್ಚಿಕೊಂಡು ಕೊರಳಿಗೆ ಸುತ್ತಿತು, ಸುತ್ತಿದ್ದನ್ನು ಹಿಡಿದು ಎಳೆದೆ. ಅವನು ಮಂಡಿಯೂರಿದ. ಮುಖಕ್ಕೆ ಉಗುರು ಹಾಕಿದೆ, ಚರ್ಮ ಕಿತ್ತು ಬಂತು. ಯಾರೋ ನನ್ನ ರಟ್ಟೆ ಹಿಡಿದರು, ಆ ಕೈಯನ್ನು ಕಚ್ಚಿದೆ, ಬಾಯಲ್ಲಿ ಉಪ್ಪು ಉಪ್ಪಾಯಿತು. ಸುತ್ತ ಎರಡೂ ಓಣಿಗಳು ಬಡಿದಾಡುತ್ತಿದ್ದವು. ಒಬ್ಬನ ತಲೆ ಒಡೆಯಿತು, ಒಬ್ಬನ ಕಿವಿ ಹರಿಯಿತು, ಕಬ್ಬು ಕಡಿಯುವ ಕೊಯ್ತಾ ತರಲು ಮನೆಗೆ ಓಡಿದವನನ್ನು ಅವನ ಹೆಂಡತಿ ಒಳಗೆ ಹಾಕಿ ಚಿಲಕ ಜಡಿದಳು. ನಾನು ಎಳೆಯುತ್ತಲೇ ಇದ್ದೆ.

ಉಸಿರುಗಟ್ಟಿದ ದನಿಯಲ್ಲಿ ಅವನು ಹೇಳಿದ ಮಾತು ಇಷ್ಟು: "ಅಕ್ಕಾ, ಆಮ್ಯಾಲ ಕೊಲ್ಲು. ಮೊದಲ ಅವನ್ನ ಮಿರಜಿಗೆ ಒಯ್ಯೋಣ. ಟೆಂಪೋ ಐತಿ."

ಬಿಟ್ಟೆ. ಅವನೇ ಕಟ್ಟಿಗೆಯ ಹಲಗೆಯೊಂದನ್ನು ತಂದ, ಅವನೇ ತಮ್ಮನ ತಲೆ ಅಲುಗದಂತೆ ಹಿಡಿದು ಹಲಗೆಯ ಮೇಲೆ ಸರಿಸಿದ. ಎರಡೂ ಕಡೆ ಕಂಬಳಿಯ ಸುರುಳಿ ಇಟ್ಟು, ನಾನು ಹಿಂದೆ ಕೂತು ತಲೆಯನ್ನು ಅಂಗೈಗಳ ನಡುವೆ ಹಿಡಿದುಕೊಂಡೆ. ಅವನು ಟೆಂಪೋ ನಡೆಸಿದ. ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು, ನನ್ನ ಉಗುರಿನ ಗೀರುಗಳಿಂದ ರಕ್ತ, ಮೇಲಿನಿಂದ ಕಣ್ಣೀರು. ಅಳುವವನನ್ನು ನೋಡಿ ನನಗೆ ಸಿಟ್ಟು ಇನ್ನೂ ಹೆಚ್ಚಾಯಿತು. "ಹೊಂಡ ನೋಡಿ ಹೊಡಿಯೋ ಭಾಡ್ಯಾ!" ಎಂದು ದಾರಿಯುದ್ದಕ್ಕೂ ಬೈದೆ.

ಡಾಕ್ಟರು ತಮ್ಮನ ಕತ್ತಿನೊಳಗೆ ಲೋಹದ ಪಟ್ಟಿ ಕೂರಿಸಿದರು. ತಲೆ ಅಲುಗದಂತೆ ತಂದದ್ದಕ್ಕೆ ಜೀವ ಉಳಿಯಿತು ಎಂದರು. ಪೊಲೀಸರು ಬಂದು ಕೇಳಿದಾಗ, "ಜಾರಿ ಬಿದ್ನಿರಿ" ಎಂದ ನನ್ನ ತಮ್ಮ. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ಆದರೆ ಬಾರಿಸುವಂಥ ಕತ್ತು ಉಳಿದಿರಲಿಲ್ಲ. ಮಗ ಹಾಗೆ ಮಲಗಿದ್ದಾಗಲೇ ಅಪ್ಪ ತಾನಾಗಿ ನನ್ನ ಸೆರಗು ಹಿಡಿದು, "ನನ್ನ ಕಣ್ಣಿಂದೂ ಮಾಡಿಸಿಬಿಡು" ಎಂದ. ಕಣ್ಣಿನ ಪಟ್ಟಿ ತೆಗೆದ ಮೇಲೆ ಅವನು ಮೊದಲು ಹೋಗಿ ನೋಡಿದ್ದು ಮಗನ ಹಾಸಿಗೆ. ಬಹಳ ಹೊತ್ತು ನೋಡಿ, "ಪೊರಿ ಇದ್ದಾಗ ಚಲೋ ಇತ್ತು" ಎಂದ. ಅವತ್ತು ನಾನೂ ಅಪ್ಪನೂ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತೆವು.

ಕಾಲುಗಳು ಸ್ವಾಧೀನಕ್ಕೆ ಬಂದವು. ನಿಧಾನಕ್ಕೆ ಕೈಗಳೂ ಬಂದವು, ಎಡಗೈ ಸ್ವಲ್ಪ ಸೋಲುತ್ತದೆ. ಕತ್ತು ಮಾತ್ರ ಹೊರಳುವುದಿಲ್ಲ. ಪಕ್ಕಕ್ಕೆ ನೋಡಬೇಕೆಂದರೆ ಇಡೀ ಮೈಯನ್ನೇ ತಿರುಗಿಸಬೇಕು.

ಟೆಂಪೋದವನು ಪಂಚಗಿರಿ ಬಿಟ್ಟ, ಒಂದು ವರ್ಷ ಕುಸ್ತಿಯೇ ಆಗಲಿಲ್ಲ. ಕಟ್ಟೆ ಖಾಲಿ ಬಿದ್ದಿತ್ತು. ಎರಡೂ ಓಣಿಗಳು ಸಣ್ಣ ಸಣ್ಣದಕ್ಕೆ ಬಡಿಗೆ ಹಿಡಿಯುತ್ತಿದ್ದವು. ಆಗ ಮೇಲಿನ ಓಣಿಯವರು ನಮ್ಮ ಮನೆಗೆ ಬಂದು, "ನಿಮ್ಮಪ್ಪನ ರುಮಾಲು ನೀ ಸುತ್ತಿಕೋ, ಸಾಯೂತನಕ ನೀನ ಪಂಚ" ಎಂದು ತಮ್ಮನಿಗೆ ಗಂಟುಬಿದ್ದರು. ಕೆಳಗಿನ ಓಣಿಯವರು, ಆಗಲಿ, ಆದರೆ ಕೈ ಎತ್ತಿಯೇ ಆರಿಸಬೇಕು ಎಂದರು. ಅವನು ಇಬ್ಬರಿಗೂ ಒಪ್ಪಲಿಲ್ಲ.

"ಸಾಯೂತನಕನೂ ಬ್ಯಾಡ, ನಿಮ್ಮ ಕೈಯೂ ಬ್ಯಾಡ" ಎಂದ. "ಪ್ರತಿ ಕುಸ್ತಿಗೆ ಮಣ್ಣಾಗ ನಿಂತ ಇಬ್ಬರ ಕೇಳ್ತೇನಿ. ಇಬ್ಬರೂ ಹೂಂ ಅಂದ್ರ ನಿಲ್ತೇನಿ. ಒಬ್ಬಾಂವ ಒಲ್ಲೆ ಅಂದ್ರ ಎದ್ದು ಮನಿಗೆ ಬರ್ತೇನಿ. ಗೋಣು ಅವರದೈತಿ, ಅವರ ಹೇಳ್ಲಿ."

ಚಾವಡಿಯಲ್ಲಿ ಬೇರೆ ದಾರಿ ಯಾರಿಗೂ ಹೊಳೆಯಲಿಲ್ಲ. ಕುಸ್ತಿಯ ಬೆಳಿಗ್ಗೆ ಅಪ್ಪ ಪೆಟ್ಟಿಗೆಯ ಬೀಗ ತೆಗೆದ. ತಮ್ಮನಿಗೆ ತಲೆ ಬಗ್ಗಿಸಲು ಬರುವುದಿಲ್ಲವಲ್ಲ, ಅಪ್ಪನೇ ಸ್ಟೂಲಿನ ಮೇಲೆ ಹತ್ತಿ ರುಮಾಲು ಸುತ್ತಿದ. ಅಖಾಡದ ಅಂಚಿನಲ್ಲಿ ತಮ್ಮ ಅದನ್ನು ಬಿಚ್ಚಿ, ಮಡಿಸಿ, ಕೆಳಗಿಟ್ಟು ಬರಿತಲೆಯಲ್ಲಿ ಇಳಿದ.

ದೊಡ್ಡ ಜೋಡಿಯಾಗಿ ನಮ್ಮ ಓಣಿಯಿಂದ ಅಪ್ಪನ ತಮ್ಮನ ಮಗ ಇಳಿದ. ಅವನ ಎದುರಿಗೆ ಅದೇ ರಾಕ್ಷಸ, ನನ್ನ ತಮ್ಮನ ಕತ್ತು ಮುರಿದವನು. ನಮ್ಮ ಹುಡುಗ ಕೇಳಿದ ಕೂಡಲೇ ಹೂಂ ಅಂದ. ಆಮೇಲೆ ತಮ್ಮ ಆ ರಾಕ್ಷಸನೆದುರು ಹೋಗಿ ನಿಂತು, "ನಾ ನಿಂತ್ರ ನಡೀತೈತೇನು?" ಎಂದು ಕೇಳಿದ. ಅಷ್ಟು ದೊಡ್ಡ ಆಳು ತಮ್ಮನ ಕತ್ತಿನ ಗಾಯದ ಗುರುತು ನೋಡಿದ, ನೆಲ ನೋಡಿದ. "ಹೂಂ" ಎಂದ.

ಹಲಗೆಯವನು ಬಾರಿಸಿದ. ನಮ್ಮ ಹುಡುಗ ಅವತ್ತು ಬೆಂಕಿಯಾಗಿದ್ದ. ಅವನನ್ನು ಕೆಡವಿದ, ಮೇಲೆ ಕೂತ, ಗದ್ದದ ಕೆಳಗೆ ತೋಳು ತೂರಿಸಿದ. ಬೇಕೆಂದೇ ತೂರಿಸಿದ, ಇಡೀ ಮೇಲಿನ ಓಣಿ ಅದನ್ನೇ ಕಾಯುತ್ತಿತ್ತು. ಎಲ್ಲರ ಬಾಯಿ ಒಮ್ಮೆಗೇ ತೆರೆಯಿತು. ನಾನು ದಿಬ್ಬದ ಮೇಲೆ ಎದ್ದು ನಿಂತು, ಗಂಟಲು ಹರಿಯುವಂತೆ ಕೂಗಿದೆ:

"ಮುರಿ! ಗೋಣು ಮುರಿ ಆ ಸೂಳೇಮಗಂದು!"

ಮಕ್ಕಳಿಗೆ ಅಕ್ಷರ ಕಲಿಸುವ ಬಾಯಿ ಅದು. ನನ್ನ ಶಾಲೆಯ ಹುಡುಗಿಯರು ಪಕ್ಕದಲ್ಲೇ ಕೂತಿದ್ದರು. ಮತ್ತೆ ಕೂಗಿದೆ, ಅದಕ್ಕಿಂತ ಜೋರಾಗಿ. ಕೆಳಗೆ ಒಂದು ಕೈ ಮಣ್ಣು ಬಡಿಯತೊಡಗಿತು.

ತಮ್ಮ ಮಂಡಿಯೂರಿ, ಒಳ್ಳೆಯ ಕೈಯನ್ನು ನಮ್ಮ ಹುಡುಗನ ತೋಳಿನ ಸಂದಿಗೆ ಹಾಕಿ, ಮೈಯೆಲ್ಲ ಬಲ ಕೊಟ್ಟು ಬಿಡಿಸಿದ. ಬಿಡಲೊಲ್ಲದವನ ಎದೆಗೆ ಒದ್ದು ಹಿಂದಕ್ಕೆ ಕೆಡವಿದ. ಕೆಮ್ಮುತ್ತಿದ್ದ ಆ ರಾಕ್ಷಸನನ್ನು ಎಬ್ಬಿಸಿ, ಅವನ ಕೈ ಹಿಡಿದು ಮೇಲಕ್ಕೆತ್ತಿದ. ಕತ್ತಿಗೆ ಕೈ ಹಾಕಿದವನು ಸೋತ, ಇವನು ಗೆದ್ದ ಎಂದು ಅದರ ಅರ್ಥ.

ಕಲ್ಲು ಬಂದದ್ದು ನಮ್ಮ ಓಣಿಯ ಕಡೆಯಿಂದ. ಮೊದಲನೆಯದು ತಮ್ಮನ ಬೆನ್ನಿಗೆ ಬಿತ್ತು. ಇನ್ನೊಂದು ಬರಿತಲೆಗೆ. ರಕ್ತ ಕಿವಿಯ ಹಿಂದಿನಿಂದ ಇಳಿದು ಆ ಹೊರಳದ ಕತ್ತಿನ ಮೇಲೆ ಹರಿಯಿತು. ಅವನು ಎತ್ತಿದ ಕೈಯನ್ನು ಇಳಿಸಲಿಲ್ಲ. ಟೆಂಪೋದವನು ಓಡಿಬಂದು ಅವನ ಹಿಂದೆ ಅಡ್ಡ ನಿಂತ, ಅವನಿಗೂ ಬಿದ್ದವು. ಅಪ್ಪ ಅಂಚಿನಲ್ಲಿ ಕೂತು, ರುಮಾಲನ್ನು ಎದೆಗೆ ಒತ್ತಿಕೊಂಡು, ತನ್ನ ಹೊಸ ಕಣ್ಣುಗಳಿಂದ ಎಲ್ಲವನ್ನೂ ನೋಡುತ್ತಿದ್ದ. ಕಲ್ಲು ಮುಗಿದವು. ಮುಂದಿನ ಜೋಡಿಯ ಇಬ್ಬರು ಇಳಿದು, ಕೇಳುವ ಮೊದಲೇ ಹೂಂ ಅಂದರು.

ಸಂಜೆ ಮನೆಯಲ್ಲಿ ಅವನನ್ನು ಕೂರಿಸಿ ಗಾಯ ತೊಳೆದೆ. ಅಪ್ಪ ಹೊರಗಿನ ಕಟ್ಟೆಯ ಮೇಲಿದ್ದ. ನನಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ, ಅವನ ಮೇಲೂ.

"ಅಕ್ಕಾ" ಎಂದ, ಗೋಡೆಯ ಕಡೆ ನೋಡುತ್ತಲೇ. "ಅಷ್ಟು ಮಂದಿ ಒದರೂದರಾಗ ನಿನ್ನ ದನಿ ಗುರ್ತು ಸಿಕ್ಕಿತು."

"ಸಿಕ್ಕರ ಸಿಗವಲ್ದ್ಯಾಕ."

"ಹೊಳ್ಳಿ ನಿನ್ನ ಕಡೆ ನೋಡಬೇಕನಸ್ತು. ಬಾಳ ಅನಸ್ತು."

"ನೋಡಲಿಲ್ಲಲ್ಲ?"

"ಗೋಣು ಹೊಳ್ಳಲಿಲ್ಲ" ಎಂದ.

ಅರಿಷಿಣವನ್ನು ಗಾಯಕ್ಕೆ ಒತ್ತಿದೆ. ಅವನು ಹಾ ಎಂದ. ಕೈ ತೆಗೆಯಲಿಲ್ಲ ನಾನು, ಹಾಗೇ ಒತ್ತಿ ಹಿಡಿದಿದ್ದೆ.